ನಿಮ್ಮ ಊರಿನ ಚರಿತ್ರೆ ಬರೆಯುವುದು ಹೇಗೆ: ಗಡಿಕಲ್ಲಿನಿಂದ ಪತ್ರಾಗಾರದವರೆಗೆ

ಊರಿನ ಚರಿತ್ರೆ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಊರಿನ ಹೆಸರನ್ನು ಮೊಬೈಲ್‌ನಲ್ಲಿ ಹುಡುಕುತ್ತಾರೆ, ನಾಲ್ಕು ಸಾಲು ಸಿಗುತ್ತದೆ. ಅದಕ್ಕೆ ಅಜ್ಜ ಹೇಳಿದ ಕಥೆ ಸೇರುತ್ತದೆ. ಪಕ್ಕದ ತಾಲ್ಲೂಕಿನ ಯಾವುದೋ ಶಾಸನದಿಂದ ಒಬ್ಬ ರಾಜನನ್ನು ಕರೆತಂದು ಕೂರಿಸುತ್ತಾರೆ. ಜಾತ್ರೆಯ ಸ್ಮರಣ ಸಂಚಿಕೆಗೆ ಅಷ್ಟು ಸಾಕು. ಆದರೆ ಯಾರಾದರೂ "ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದ ಕೂಡಲೇ ಬರೆದವರು ಮೌನವಾಗುತ್ತಾರೆ.

ಆಕರಗಳಿಗೆ ನಮ್ಮಲ್ಲಿ ಬರವಿಲ್ಲ. ಹುಡುಕುವ ಕ್ರಮ ತಪ್ಪಿರುತ್ತದೆ, ಅಷ್ಟೇ. ರಾಜನಿಂದ ಶುರು ಮಾಡಿದರೆ ಊರು ಕೈಗೆ ಸಿಗುವುದಿಲ್ಲ. ಊರಿನ ಎಲ್ಲೆಯಿಂದ ಶುರು ಮಾಡಿದರೆ, ರಾಜ ಇದ್ದಲ್ಲಿ ತಾನಾಗಿ ಬರುತ್ತಾನೆ. ಇಲ್ಲದಿದ್ದರೆ ಬರುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಕೈಯಲ್ಲಿ ಇರಬೇಕಾದದ್ದು

ದುಬಾರಿ ಸಲಕರಣೆ ಏನೂ ಬೇಡ. ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್, ಹತ್ತು ಮೀಟರಿನ ಅಳತೆ ಟೇಪು, ಒಳ್ಳೆಯ ಟಾರ್ಚ್, ಮೆತ್ತನೆಯ ಬ್ರಷ್, ಒಂದು ಬಾಟಲಿ ನೀರು, ಜಾಗದ ಅಕ್ಷಾಂಶ ರೇಖಾಂಶ ತೋರಿಸುವ ಮೊಬೈಲ್. ಮನೆಯಲ್ಲಿ ಒಂದು ಕಟ್ಟು ಬಿಡಿ ಕಾರ್ಡು ಅಥವಾ ಕಂಪ್ಯೂಟರಿನಲ್ಲಿ ಒಂದು ಪಟ್ಟಿ.

ಪಟ್ಟಿಯ ನಿಯಮ ಒಂದೇ. ಒಂದು ಕಾರ್ಡಿಗೆ ಒಂದು ಸಂಗತಿ. ಅದರ ಕೆಳಗೆ ಅದು ಎಲ್ಲಿ ಸಿಕ್ಕಿತು, ಯಾವ ಪುಟ, ಯಾರು ಹೇಳಿದ್ದು, ಯಾವ ದಿನ. ಈ ನಿಯಮವನ್ನು ಮೊದಲ ದಿನವೇ ಹಿಡಿಯಬೇಕು. ಆರು ತಿಂಗಳ ನಂತರ ಹಿಂದಕ್ಕೆ ಹೋಗಿ ಪುಟಸಂಖ್ಯೆ ಹುಡುಕುವ ಶಿಕ್ಷೆ ಅನುಭವಿಸಿದವರಿಗೆ ಗೊತ್ತು.

ಹಂತ 1: ಯಾವ ಊರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ನಗುವಂತಹ ಮಾತಲ್ಲ ಇದು. ಕರ್ನಾಟಕದಲ್ಲಿ ಹೊಸಹಳ್ಳಿಗಳು, ಕೊಪ್ಪಗಳು, ಹಿರೇ ಮತ್ತು ಚಿಕ್ಕ ಎಂದು ಶುರುವಾಗುವ ಊರುಗಳು ಎಷ್ಟಿವೆ ಎಂದು ಲೆಕ್ಕ ಹಾಕಿದವರಿಲ್ಲ. ನಾನೇ ಒಮ್ಮೆ ಒಂದು ದೇವಸ್ಥಾನದ ಸಂಚಿಕೆಗೆ ಬರೆದ ಲೇಖನದಲ್ಲಿ ಅದೇ ಹೆಸರಿನ ಬೇರೊಂದು ಹೋಬಳಿಯ ಊರಿನ ಶಾಸನವನ್ನು ತಂದು ಅಂಟಿಸಿದ್ದೆ. ಅಚ್ಚಾದ ಮೇಲೆ ಆ ಇನ್ನೊಂದು ಊರಿನವರು ಬಂದು "ನಮ್ಮ ಕಲ್ಲು ನಿಮ್ಮಲ್ಲಿಗೆ ಯಾವಾಗ ಬಂತು?" ಎಂದು ಕೇಳಿದರು.

ಆದ್ದರಿಂದ ಊರಿನ ಹೆಸರಿನ ಜೊತೆಗೆ ಹೋಬಳಿ, ತಾಲ್ಲೂಕು ಮತ್ತು 2011ರ ಜನಗಣತಿ ಕೊಟ್ಟಿರುವ ಆರಂಕಿಯ ಗ್ರಾಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಜನಗಣತಿಯ ಜಿಲ್ಲಾ ಕೈಪಿಡಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಹಳೆಯ ದಶಕಗಳ ಕೈಪಿಡಿಗಳನ್ನೂ ಜೊತೆಗಿಟ್ಟು ನೋಡಿದರೆ ಊರು ಬೆಳೆದದ್ದು, ಕುಗ್ಗಿದ್ದು, ಎರಡಾಗಿ ಒಡೆದದ್ದು ಕಾಣುತ್ತದೆ.

ನಂತರ ಗ್ರಾಮ ನಕಾಶೆ ತೆಗೆದುಕೊಳ್ಳಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆಗಳನ್ನು ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ನಕಾಶೆಯಲ್ಲಿ ಗ್ರಾಮಠಾಣಾ, ಕೆರೆ, ಗುಂಡುತೋಪು, ಗೋಮಾಳ, ಸ್ಮಶಾನ, ಹಳೆಯ ಬಂಡಿದಾರಿ ಎಲ್ಲವನ್ನೂ ಬಣ್ಣದ ಪೆನ್ಸಿಲಿನಿಂದ ಗುರುತಿಸಿ. ಮುಂದಿನ ಎಲ್ಲ ಹಂತಗಳಿಗೂ ಈ ಹಾಳೆಯೇ ಆಧಾರ.

ನಿಮ್ಮ ಪಟ್ಟಿಯಲ್ಲಿ 'ಬೇಚರಾಕ್' ಎಂಬ ಗ್ರಾಮ ಕಂಡರೆ ಬಿಡಬೇಡಿ. ದೀಪವಿಲ್ಲದ್ದು ಎಂಬ ಅರ್ಥದ ಬೇಚಿರಾಗ್ ಎಂಬ ಪಾರಸಿ ಮಾತು ನಮ್ಮ ಕಂದಾಯ ಕಡತಗಳಲ್ಲಿ ಹೀಗಾಗಿದೆ. ಜನ ವಾಸವಿಲ್ಲದೆ ಹೆಸರು ಮತ್ತು ಎಲ್ಲೆ ಮಾತ್ರ ಉಳಿದ ಊರು ಅದು. ಶಾಸನದಲ್ಲಿ ಹೆಸರಿದ್ದು ಇಂದು ಎಲ್ಲೂ ಕಾಣದ ಹಳ್ಳಿ ಎಷ್ಟೋ ಸಲ ಇಂತಹ ಬೇಚರಾಕ್ ಗ್ರಾಮವಾಗಿ ಪಕ್ಕದಲ್ಲೇ ಬಿದ್ದಿರುತ್ತದೆ.

ಹಂತ 2: 1956ಕ್ಕೆ ಮುಂಚೆ ನಿಮ್ಮ ಊರು ಯಾರ ಕೈಯಲ್ಲಿತ್ತು?

ಈ ಪ್ರಶ್ನೆಗೆ ಉತ್ತರ ಇಲ್ಲದೆ ಪತ್ರಾಗಾರದ ಬಾಗಿಲು ತಟ್ಟಬೇಡಿ. ತಪ್ಪು ಕಟ್ಟಡಕ್ಕೆ ಹೋಗಿರುತ್ತೀರಿ.

ಧಾರವಾಡ, ಬೆಳಗಾವಿ, ವಿಜಯಪುರ ಕಡೆಯ ಊರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅವುಗಳ ಮೇಲ್ಮಟ್ಟದ ಕಡತಗಳಿಗೆ ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳನ್ನು ನೋಡಬೇಕು. ಉತ್ತರ ಕನ್ನಡ 1862ರವರೆಗೆ ಮದರಾಸಿನಲ್ಲಿದ್ದು ಆಮೇಲೆ ಮುಂಬಯಿಗೆ ಸೇರಿತು, ಹಾಗಾಗಿ ಅಲ್ಲಿನವರಿಗೆ ಎರಡು ಕಡೆಯ ಅಲೆದಾಟ. ದಕ್ಷಿಣ ಕನ್ನಡ, ಉಡುಪಿ, ಜೊತೆಗೆ ಇಂದು ಕೇರಳದಲ್ಲಿರುವ ಕಾಸರಗೋಡು ಮದರಾಸಿನ ಕೆಳಗಿದ್ದವು. ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರವೇ ಇವರ ಮುಖ್ಯ ತಾಣ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ಅದಕ್ಕೂ ಮೊದಲು ಅದೂ ಮದರಾಸು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು ಎಂಬುದು ಅಲ್ಲಿನ ಯುವಕರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಬೀದರ, ಕಲಬುರಗಿ, ರಾಯಚೂರು ಭಾಗ ನಿಜಾಮರದ್ದು. ಹೈದರಾಬಾದಿನ ತಾರ್ನಾಕದಲ್ಲಿರುವ ಪತ್ರಾಗಾರ, ಉರ್ದು ಮತ್ತು ಪಾರಸಿ ಬರಹ. ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂತಹ ಚಿಕ್ಕ ಸಂಸ್ಥಾನಗಳ ಊರಾದರೆ ಲೆಕ್ಕವೇ ಬೇರೆ. ಹಳೆಯ ಮೈಸೂರಿನವರದು ಹೋಲಿಕೆಯಲ್ಲಿ ಸುಲಭ: ಬೆಂಗಳೂರಿನಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆ ಮತ್ತು ಮೈಸೂರಿನಲ್ಲಿರುವ ಅದರ ಶಾಖೆ.

ಜಿಲ್ಲೆಗಳ ಹೆಸರೂ ಮೋಸ ಮಾಡುತ್ತದೆ. ಮಂಡ್ಯ 1939ರಲ್ಲಿ ಮೈಸೂರಿನಿಂದ ಬೇರೆಯಾಯಿತು. ದಾವಣಗೆರೆ, ಉಡುಪಿ, ಚಾಮರಾಜನಗರ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ 1997ರವು. ರಾಮನಗರ, ಚಿಕ್ಕಬಳ್ಳಾಪುರ 2007ರವು. ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ಈ ಜಿಲ್ಲೆಗಳನ್ನು ಹುಡುಕಿ "ನಮ್ಮ ಊರಿನ ಬಗ್ಗೆ ಏನೂ ಇಲ್ಲ" ಎಂದು ಕೈಚೆಲ್ಲುವವರೇ ಹೆಚ್ಚು. ರಾಮನಗರದವರು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ 'ಕ್ಲೋಸ್‌ಪೇಟೆ' ಎಂದು ಹುಡುಕಬೇಕು. ಚಿಕ್ಕಮಗಳೂರಿನವರು 'ಕಡೂರು ಜಿಲ್ಲೆ' ಎಂದು.

ಹಂತ 3: ಹಿರಿಯರ ಬಳಿ ಕೂರುವುದು

ಪುಸ್ತಕಗಳು ಮುಂದಿನ ವರ್ಷವೂ ಇರುತ್ತವೆ. ತೊಂಬತ್ತರ ಅಜ್ಜಿ ಇರುತ್ತಾರೆ ಎಂದು ಹೇಳಲಾಗದು. ಅದಕ್ಕೇ ಗ್ರಂಥಾಲಯಕ್ಕಿಂತ ಮೊದಲು ಜಗಲಿ.

"ನಮ್ಮ ಊರಿನ ಇತಿಹಾಸ ಹೇಳಿ ಅಜ್ಜಾ" ಎಂದು ಕೇಳಿದರೆ ಅವರು ಪುಸ್ತಕದಲ್ಲಿ ಓದಿದ್ದನ್ನೋ ಟಿವಿಯಲ್ಲಿ ಕೇಳಿದ್ದನ್ನೋ ನಿಮಗೇ ಹಿಂದಿರುಗಿಸುತ್ತಾರೆ. ಚಿಕ್ಕದಾಗಿ ಕೇಳಿ. ನೀವು ಚಿಕ್ಕವರಿದ್ದಾಗ ಕುಡಿಯುವ ನೀರು ಎಲ್ಲಿಂದ ತರುತ್ತಿದ್ದಿರಿ? ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ? ಕೆರೆಯ ತೂಬು ಎತ್ತುವ ನೀರಗಂಟಿ ಯಾರ ಮನೆಯವರು? ಶ್ಯಾನುಭೋಗರ ಮನೆ ಯಾವುದು, ಅವರ ವಂಶದವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆ ಬಂಗಾರದಂಥದ್ದು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಆದರೆ ಅವರ ಮನೆಯ ಅಟ್ಟದ ಮೇಲಿನ ಕಾಗದ ಮತ್ತು ಕಡತಗಳು ಎಷ್ಟೋ ಕಡೆ ಹಾಗೇ ಉಳಿದಿವೆ. ಕಡತ ಎಂದರೆ ಇಂದಿನ ಕಚೇರಿಯ ಫೈಲು ಅಲ್ಲ. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿ ಮಾಡಿದ ಕಪ್ಪು ಬಟ್ಟೆಯ ಮಡಿಕೆ, ಬಳಪದಿಂದ ಬರೆದದ್ದು. ಕಂಡರೆ ಒರೆಸಬೇಡಿ, ಬಿಸಿಲಿಗೆ ಹರಡಬೇಡಿ, ತೊಳೆಯುವುದಂತೂ ಬೇಡವೇ ಬೇಡ. ಅಕ್ಷರ ಹೋದರೆ ಹೋಯಿತು. ಇದ್ದಲ್ಲಿಯೇ ಒಂದೊಂದು ಮಡಿಕೆಯ ಫೋಟೊ ತೆಗೆದು ಮನೆಯವರ ಕೈಗೇ ಹಿಂದಿರುಗಿಸಿ.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಕೇಳಿ ಮುಜುಗರ ಮಾಡಬೇಡಿ. ಘಟನೆಗೆ ಕಟ್ಟಿ ಕೇಳಿ. ಗಾಂಧೀಜಿ ತೀರಿಕೊಂಡಾಗ ನೀವು ಶಾಲೆಗೆ ಹೋಗುತ್ತಿದ್ದಿರಾ? ಕಲ್ಯಾಣ ಕರ್ನಾಟಕದಲ್ಲಾದರೆ, ರಜಾಕಾರರ ಹಾವಳಿಗೆ ಮುಂಚೆಯೋ ಆಮೇಲೋ? ತಾತನ ಕಾಲದ ಮಾತು ಬಂದರೆ 'ಧಾತು ಬರ', ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ಇವುಗಳ ಆಸರೆ ಸಿಗುತ್ತದೆ. ಧಾತು ಸಂವತ್ಸರ ಎಂದರೆ 1876-77. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ.

ಉತ್ತರ ಕರ್ನಾಟಕದಲ್ಲಿ ಹೆಳವರನ್ನು ಮರೆಯಬೇಡಿ. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರು. ನಿಮ್ಮ ಮನೆಗೆ ಬರುವ ಹೆಳವರು ಯಾರು, ಯಾವ ಸುಗ್ಗಿಯಲ್ಲಿ ಬರುತ್ತಾರೆ ಎಂದು ಮನೆಯ ಹಿರಿಯರಲ್ಲಿ ಕೇಳಿಟ್ಟುಕೊಳ್ಳಿ. ಅವರ ಪಟ್ಟಿಯಲ್ಲಿ ಮನೆತನ ಯಾವ ಊರಿನಿಂದ ಬಂತು ಎಂಬುದು ಇರುತ್ತದೆ. ಕಾಲದ ಲೆಕ್ಕಕ್ಕೆ ಅದನ್ನು ನೆಚ್ಚಬೇಡಿ, ವಲಸೆಯ ದಿಕ್ಕಿಗೆ ನೆಚ್ಚಬಹುದು.

ಎಚ್ಚರಿಕೆಯ ಗುರುತು: ಒಂದೇ ಕಥೆಯನ್ನು ಹತ್ತು ಜನ ಅದೇ ಪದಗಳಲ್ಲಿ ಹೇಳಿದರೆ ಅದು ಹತ್ತು ಸಾಕ್ಷಿಗಳಲ್ಲ. ಯಾವುದೋ ಕರಪತ್ರವನ್ನೋ ನಾಟಕವನ್ನೋ ಎಲ್ಲರೂ ಕೇಳಿರುತ್ತಾರೆ. ಇನ್ನೊಂದು ಮಾತು: ಊರಿನ ಒಂದೇ ಕೇರಿಯಲ್ಲಿ ಕೂತು ಎದ್ದು ಬರಬೇಡಿ. ಪಟೇಲರ ಮನೆಯ ಕಥೆಯಲ್ಲಿ ಇಲ್ಲದ ಬಾವಿ, ದಾರಿ, ಜಗಳ ಎಲ್ಲ ಇನ್ನೊಂದು ಕೇರಿಯ ಅಜ್ಜಿಯ ಬಾಯಲ್ಲಿರುತ್ತವೆ.

ಹಂತ 4: ನಕಾಶೆ ಹಿಡಿದು ಎಲ್ಲೆ ಸುತ್ತುವುದು

ಈಗ ಕಾಲಿಗೆ ಕೆಲಸ. ಬೇಸಿಗೆಯ ಆರಂಭ ಒಳ್ಳೆಯ ಕಾಲ. ಹುಲ್ಲು ಒಣಗಿರುತ್ತದೆ, ಕೆರೆಯ ನೀರು ಇಳಿದಿರುತ್ತದೆ. ಹೊಲದ ಒಡೆಯರಿಗೆ ಹೇಳಿಯೇ ಇಳಿಯಿರಿ.

ನೋಡಬೇಕಾದ ಜಾಗಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಅವೇ: ಕೆರೆಯ ಏರಿ ಮತ್ತು ಕೋಡಿ, ದೇವಸ್ಥಾನದ ಅಂಗಳ, ಊರ ಬಾಗಿಲು ಇದ್ದ ಜಾಗ, ಅರಳಿಕಟ್ಟೆ, ಹಳೆಯ ಬಾವಿ, 'ಹಾಳೂರು' ಎಂದು ಕರೆಯುವ ದಿಬ್ಬ. ಹೊಲಗಳ ಹೆಸರನ್ನು ಒಂದೂ ಬಿಡದೆ ಬರೆದುಕೊಳ್ಳಿ. ಮಾನ್ಯದ ಗದ್ದೆ, ಕೋಟೆ ಹೊಲ, ಬಸದಿ ತಿಟ್ಟು ಎಂಬ ಹೆಸರುಗಳು ಸುಮ್ಮನೆ ಹುಟ್ಟಿದವಲ್ಲ. ಸಾಮಾನ್ಯವಾಗಿ ಊರಿನ ಹೆಸರಿಗಿಂತ ಹೊಲದ ಹೆಸರೇ ಹೆಚ್ಚು ನಂಬಿಗಸ್ತ, ಏಕೆಂದರೆ ಅದನ್ನು ಚೆಂದಗೊಳಿಸಲು ಯಾರೂ ಹೋಗಿಲ್ಲ.

ಕಲ್ಲುಗಳು ಸಿಕ್ಕಾಗ ಮೊದಲು ಯಾವ ಬಗೆ ಎಂದು ಗುರುತಿಸಿ. ಮೂರು ಪಟ್ಟಿಕೆಗಳಿದ್ದು ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಇದ್ದರೆ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೋಳಿನ, ಎಂದರೆ ದನ ಕೊಳ್ಳೆಯ, ಕಾಳಗ. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಗಡಿಯಲ್ಲಿ ನಿಂತ ಲಿಂಗಮುದ್ರೆ ಅಥವಾ ವಾಮನಮುದ್ರೆಯ ಕಲ್ಲು ದತ್ತಿ ಭೂಮಿಯ ಎಲ್ಲೆ ತೋರಿಸುತ್ತದೆ. ಇದು ಸಿಕ್ಕರೆ ನಕಾಶೆಯಲ್ಲಿ ಸರ್ವೆ ನಂಬರಿನೊಡನೆ ಗುರುತಿಸಲೇಬೇಕು. ಊರಿನವರು ವೀರಗಲ್ಲನ್ನು ಬೀರಪ್ಪ ಎಂದೋ ಮಾಸ್ತಿಕಲ್ಲನ್ನು ಮಾಸ್ತಮ್ಮ ಎಂದೋ ಪೂಜಿಸುತ್ತಿದ್ದರೆ ಚಪ್ಪಲಿ ಕಳಚಿ, ಕೇಳಿ, ಆಮೇಲೆ ಮುಟ್ಟಿ. ಅಕ್ಷರವಿಲ್ಲದ ವೀರಗಲ್ಲಿಗೆ ರಾಜನ ಹೆಸರು ಕಟ್ಟಬೇಡಿ. ಶೈಲಿ ನೋಡಿ ಶತಮಾನ ಹೇಳುವುದು ತಿಳಿದವರ ಕೆಲಸ, ಅವರೂ ತಪ್ಪುತ್ತಾರೆ.

ಶಾಸನ ಓದಲು ಸೀಮೆಸುಣ್ಣ, ಬಣ್ಣ, ಎಣ್ಣೆ, ಮೈದಾಹಿಟ್ಟು ಬಳಿಯುವುದನ್ನು ನಾನು ಇಂದಿಗೂ ನೋಡುತ್ತಿದ್ದೇನೆ. ಬೇಡ. ತಂತಿ ಬ್ರಷ್ ಇನ್ನೂ ಕೆಟ್ಟದ್ದು. ನೀರು ಚಿಮುಕಿಸಿ ಮೆತ್ತನೆಯ ಬ್ರಷ್‌ನಿಂದ ಮಣ್ಣು ತೆಗೆದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಮಾಯವಾಗಿದ್ದ ಅಕ್ಷರಗಳು ನೆರಳಿನಲ್ಲಿ ಎದ್ದು ನಿಲ್ಲುತ್ತವೆ. ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಕಡೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ಫೋಟೊದಲ್ಲೂ ಅಳತೆ ಟೇಪು ಕಾಣುವಂತಿರಲಿ. ಕಲ್ಲಿನ ಬೆನ್ನು ಮತ್ತು ಅಂಚುಗಳನ್ನೂ ನೋಡಿ, ಬರಹ ಅಲ್ಲಿಗೂ ಹರಿದಿರುತ್ತದೆ.

ಅಗೆಯಬೇಡಿ. ಅರ್ಧ ಹೂತ ಕಲ್ಲನ್ನು ಜೆಸಿಬಿ ತರಿಸಿ ಎತ್ತಿಸುವ ಉತ್ಸಾಹಿಗಳಿದ್ದಾರೆ; ಕಲ್ಲು ಎರಡಾಗುತ್ತದೆ. ಸಂರಕ್ಷಿತ ಸ್ಮಾರಕದಲ್ಲಾದರೆ ಅದು ಅಪರಾಧವೂ ಹೌದು. ತಾಮ್ರಪಟ, ನಾಣ್ಯದ ಗಡಿಗೆ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಚಿಕ್ಕದು ಎಂಬ ನೆಪ ಬೇಡ.

ಹಂತ 5: ಅಚ್ಚಾದ ಶಾಸನಗಳಲ್ಲಿ ಹುಡುಕುವುದು

ನಿಮ್ಮ ಊರಿನ ಕಲ್ಲನ್ನು ನೀವೇ ಮೊದಲು ಕಂಡಿರಿ ಎಂದು ಪತ್ರಿಕೆಗೆ ಸುದ್ದಿ ಕೊಡುವ ಮುಂಚೆ ಈ ಹಂತ ಮುಗಿಸಿ. 'ಅಪ್ರಕಟಿತ ಶಾಸನ ಪತ್ತೆ' ಎಂಬ ಎಷ್ಟೋ ಸುದ್ದಿಗಳ ಶಾಸನಗಳು ನೂರು ವರ್ಷದ ಹಿಂದೆಯೇ ಅಚ್ಚಾಗಿರುತ್ತವೆ.

ಹಳೆಯ ಮೈಸೂರು ಮತ್ತು ಕೊಡಗಿಗೆ ಮೊದಲ ಆಕರ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ 1886ರಿಂದ ಹೊರತಂದ 12 ಸಂಪುಟಗಳು: 1 ಕೊಡಗು, 2 ಶ್ರವಣಬೆಳಗೊಳ, 3 ಮತ್ತು 4 ಮೈಸೂರು, 5 ಹಾಸನ, 6 ಕಡೂರು, 7 ಮತ್ತು 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ಎರಡನೇ ಹಂತದಲ್ಲಿ ಬರೆದಿಟ್ಟುಕೊಂಡ ಜಿಲ್ಲಾ ಚರಿತ್ರೆ ಇಲ್ಲಿ ಕೆಲಸಕ್ಕೆ ಬರುತ್ತದೆ. ದಾವಣಗೆರೆ ತಾಲ್ಲೂಕು 11ರಲ್ಲಿ, ಹೊನ್ನಾಳಿ ಮತ್ತು ಚನ್ನಗಿರಿ 7ರಲ್ಲಿ, ಚಿಕ್ಕಬಳ್ಳಾಪುರ 10ರಲ್ಲಿ, ಮಂಡ್ಯದ ಊರುಗಳು ಮೈಸೂರಿನ ಸಂಪುಟಗಳಲ್ಲಿ. ಇವೆಲ್ಲ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತರುತ್ತಿರುವ ಪರಿಷ್ಕೃತ ಆವೃತ್ತಿಯ ಸಂಪುಟಗಳಲ್ಲಿ ಪಾಠ ಹೆಚ್ಚು ಶುದ್ಧ, ಆದರೆ ಸಂಪುಟದ ಹಂಚಿಕೆಯೂ ಶಾಸನ ಸಂಖ್ಯೆಯೂ ಬದಲಾಗಿವೆ. ಹಳೆಯ ಸಂಖ್ಯೆಯನ್ನು ಹೊಸ ಸಂಪುಟದಲ್ಲಿ ಹುಡುಕುವುದು, ಅಥವಾ ಯಾವ ಆವೃತ್ತಿ ಎಂದು ಬರೆಯದೆ ಸಂಖ್ಯೆ ಮಾತ್ರ ಕೊಡುವುದು, ಎರಡೂ ನಿತ್ಯದ ತಪ್ಪುಗಳು. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ಬಿಡಬೇಡಿ. ರೈಸ್ ನಂತರ ಸಿಕ್ಕ ಶಾಸನಗಳು ಅಲ್ಲಿವೆ.

ಮುಂಬಯಿ ಕರ್ನಾಟಕದವರಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೆಯ ಸಂಪುಟಗಳು. ಮದರಾಸಿನ ಕೆಳಗಿದ್ದ ಕನ್ನಡ ಜಿಲ್ಲೆಗಳಿಗೆ 7 ಮತ್ತು 9. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳಿಂದ ಶುರು ಮಾಡಿದರೆ ದಾರಿ ಹತ್ತಿರ. ಬೆಂಗಳೂರಿನ ಸುತ್ತಲಿನ ಕಲ್ಲುಗಳನ್ನು ಮಿಥಿಕ್ ಸೊಸೈಟಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಓದುತ್ತಿದೆ.

ಹುಡುಕುವ ಬಗೆಯಲ್ಲಿ ಒಂದು ಗುಟ್ಟಿದೆ. ಸ್ಕ್ಯಾನ್ ಆದ ಹಳೆಯ ಪುಸ್ತಕದಲ್ಲಿ ಕನ್ನಡ ಪದ ಹಾಕಿ ಹುಡುಕಿದರೆ ಯಂತ್ರಕ್ಕೆ ಸಿಗುವುದಿಲ್ಲ. ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ತಾಲ್ಲೂಕಿನ ಪುಟಗಳನ್ನು ತೆರೆದು ಊರಿನ ಹೆಸರನ್ನು ಕಣ್ಣಾರೆ ಹುಡುಕಿ. ಹೆಸರಿನ ಹಳೆಯ ರೂಪವನ್ನೂ ಊಹಿಸಿ: ಹಳಗನ್ನಡದ ಪಕಾರ ಆಮೇಲೆ ಹಕಾರವಾಗಿದೆ. ಹಳ್ಳಿ ಪಳ್ಳಿಯಾಗಿತ್ತು, ಹೊಸ ಪೊಸ ಆಗಿತ್ತು, ಹುಲಿಗೆರೆ ಪುಲಿಗೆರೆ ಆಗಿತ್ತು. ಆ ಪುಲಿಗೆರೆ ಇಂದು ಲಕ್ಷ್ಮೇಶ್ವರ. ಹೆಸರಿನ ಸದ್ದಿನಿಂದ ಅದನ್ನು ಯಾರೂ ಕಂಡುಹಿಡಿಯಲಾರರು. ಕಿಸುವೊಳಲು ಪಟ್ಟದಕಲ್ಲಾಯಿತು, ದೋರಸಮುದ್ರ ಹಳೇಬೀಡಾಯಿತು. 'ಸಂದ್ರ' ಎಂದು ಮುಗಿಯುವ ಊರಿದ್ದರೆ ಅದು 'ಸಮುದ್ರ', ಎಂದರೆ ಒಂದು ಕೆರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ಹಳೆಯ ಇಂಗ್ಲಿಷ್ ಪುಸ್ತಕಗಳು 'ಬೆಳಗಾಮಿ' ಎಂದು ಬರೆದಿವೆ. ಅದನ್ನು ಬೆಳಗಾವಿ ಎಂದು ಓದಿದವರು ಒಂದು ರಾಜಧಾನಿಯನ್ನೇ ಎತ್ತಿ ಮಲೆನಾಡಿನಿಂದ ಗಡಿಗೆ ಸಾಗಿಸಿದ್ದಾರೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಕೇಳಿ ಶಾಸನ ಸಂಖ್ಯೆ ತರುವವರಿದ್ದಾರೆ. ಅವು ಇಲ್ಲದ ಶಾಸನಕ್ಕೆ ಸಂಖ್ಯೆ, ಇಸವಿ, ರಾಜನನ್ನೆಲ್ಲ ಸಲೀಸಾಗಿ ಕೊಡುತ್ತವೆ. ಪುಟ ತೆರೆದು ಕಣ್ಣಿಂದ ನೋಡದ ಸಂಖ್ಯೆ ನಿಮ್ಮ ಕಾರ್ಡಿಗೆ ಇಳಿಯಬಾರದು.

ಹಂತ 6: ಶಾಸನದ ಇಸವಿ ಮತ್ತು ಎಲ್ಲೆಯನ್ನು ತಾಳೆ ನೋಡುವುದು

ಶಕ ವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕ ಸಿಗುತ್ತದೆ. ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಯಾದರೆ 79 ಆಗಬಹುದು. ಜೊತೆಗೆ ಹೆಚ್ಚಾಗಿ ಸಂವತ್ಸರದ ಹೆಸರೂ ಇರುತ್ತದೆ, ಅದೇ ನಿಮ್ಮ ತಾಳೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇವಿಳಂಬಿ ಸಂವತ್ಸರ. 1039ಕ್ಕೆ 78 ಕೂಡಿಸಿದರೆ 1117. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತದೆ. 2017ರ ಯುಗಾದಿಗೆ ಬಂದದ್ದು ಹೇವಿಳಂಬಿ. ಅದರಿಂದ 15 ಸುತ್ತು, ಎಂದರೆ 900 ವರ್ಷ ಹಿಂದಕ್ಕೆ ಹೋದರೆ ಸರಿಯಾಗಿ 1117. ಶಕ ಸಂಖ್ಯೆಯೂ ಸಂವತ್ಸರವೂ ಹೀಗೆ ಕೂಡಿದರೆ ನೆಮ್ಮದಿ. ಒಂದು ವರ್ಷ ಹೆಚ್ಚುಕಡಿಮೆಯಾದರೆ ಶಾಸನ ಬರೆದವರು ಮುಗಿದ ವರ್ಷ ಎಣಿಸಿದರೋ ನಡೆಯುವ ವರ್ಷ ಎಣಿಸಿದರೋ ಎಂಬ ವ್ಯತ್ಯಾಸ. ಹತ್ತಾರು ವರ್ಷ ತಪ್ಪಿದರೆ ಓದು ತಪ್ಪಿದೆ, ಅಥವಾ ಶಾಸನವೇ ಕೃತಕ. ಸಂವತ್ಸರ ಮಾತ್ರ ಇದ್ದು ಶಕ ಇಲ್ಲದಿದ್ದರೆ ರಾಜನ ಹೆಸರು ಅಥವಾ ಲಿಪಿಯ ಆಸರೆಯಿಲ್ಲದೆ ಇಸವಿ ಬರೆಯಬೇಡಿ.

ನಿಜಾಮರ ಸೀಮೆಯ ಮತ್ತು ಮದರಾಸಿನ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ ಬರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1310 ಎಂದರೆ 1900-01.

ದತ್ತಿ ಶಾಸನದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವುದು ಚತುಸ್ಸೀಮೆಯ ಮುಂದೆ. ಮೂಡಲು ಇಂಥ ಹುತ್ತ, ತೆಂಕಲು ನಟ್ಟ ಕಲ್ಲು, ಪಡುವಲು ಕೆರೆಯ ಕೋಡಿ, ಬಡಗಲು ಇಂಥ ಊರಿನ ಹೆದ್ದಾರಿ ಎಂದು ಎಲ್ಲೆ ಹೇಳಿರುತ್ತದೆ. ರಾಜನ ಬಿರುದಾವಳಿ ಓದಿ ಮೆಚ್ಚಿ ಈ ಭಾಗ ಹಾರಿಸುವುದು ಹೊಸಬರ ಅಭ್ಯಾಸ. ನಿಮ್ಮ ಗ್ರಾಮ ನಕಾಶೆ ಈಗ ಹೊರಗೆ ಬರಲಿ. ಲಿಂಗಮುದ್ರೆಯ ಕಲ್ಲು ಸಿಕ್ಕ ಸರ್ವೆ ನಂಬರು, ಹೊಲದ ಹೆಸರು, ಪಕ್ಕದ ಬೇಚರಾಕ್ ಗ್ರಾಮ ಎಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತವೆ. ಎಲ್ಲ ದಿಕ್ಕೂ ಕೂಡದಿದ್ದರೂ ಎರಡು ಕೂಡಿದರೆ ದೊಡ್ಡ ಮಾತು. ಭೂಮಿಯ ಅಳತೆಯನ್ನು ಮಾತ್ರ ಎಕರೆಗೆ ಇಳಿಸಬೇಡಿ: ಮತ್ತರು, ಕಂಬ, ಖಂಡುಗಗಳು ಅಳೆಯುವ ಕೋಲಿನ ಉದ್ದದಂತೆ ಊರೂರಿಗೆ ಬೇರೆಯಾಗಿದ್ದವು. "ಸ್ವದತ್ತಾಂ ಪರದತ್ತಾಂ ವಾ" ಎಂಬ ಶಾಪಶ್ಲೋಕ ಬಂತೆಂದರೆ ಶಾಸನದ ವಿಷಯ ಮುಗಿಯಿತು ಎಂದು ತಿಳಿಯಿರಿ.

ಹಂತ 7: ಗೆಜೆಟಿಯರು, ಕೈಫಿಯತ್ತು ಮತ್ತು ಇತರೆ

ಇವು ಬೇಗ ಮುಗಿಯುವ ಓದು. ಮೈಸೂರಿಗೆ ರೈಸ್ ಮತ್ತು ಹಯವದನ ರಾವ್ ಅವರ ಗೆಜೆಟಿಯರುಗಳು. ಉತ್ತರ ಕನ್ನಡ, ಬೆಳಗಾವಿ, ಧಾರವಾಡ, ವಿಜಯಪುರಗಳಿಗೆ 1880ರ ದಶಕದ ಬಾಂಬೆ ಗೆಜೆಟಿಯರಿನ 15, 21, 22, 23ನೆಯ ಸಂಪುಟಗಳು. 1800-01ರಲ್ಲಿ ಸುತ್ತಾಡಿದ ಬುಕನನ್‌ನ ಪ್ರವಾಸ ಕಥನದಲ್ಲಿ ನಿಮ್ಮ ಊರು ಇಲ್ಲದಿದ್ದರೂ ನಿಮ್ಮ ಸೀಮೆಯ ಬೆಳೆ, ಸಂತೆ, ಕಬ್ಬಿಣದ ಕುಲುಮೆಗಳ ಮಾತು ಇರಬಹುದು. ಬ್ರಿಟಿಷ್ ಸರ್ವೆ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳನ್ನು, ಎಂದರೆ ಊರೂರಿನ ಸ್ಥಳ ವೃತ್ತಾಂತಗಳನ್ನು, ಎಂ.ಎಂ. ಕಲಬುರ್ಗಿ ಅವರ ಸಂಪಾದನೆಯಲ್ಲಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದೆ. ಅವು ಸುಮಾರು ಇನ್ನೂರು ವರ್ಷದ ಹಿಂದೆ ಊರಿನವರು ತಮ್ಮ ಬಗ್ಗೆ ಏನು ನಂಬಿದ್ದರು ಎಂಬುದಕ್ಕೆ ಸಾಕ್ಷಿ; ಅದಕ್ಕೂ ಹಿಂದಿನ ಕಾಲಕ್ಕೆ ಬೇರೆ ಆಧಾರ ಬೇಕು.

ಹಳೆಯ ಮೈಸೂರಿನವರು ಹೆಚ್ಚಾಗಿ ಮುಟ್ಟದ ಒಂದು ಆಕರ ಇದೆ: 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು. ತಾಲ್ಲೂಕಿನ ಪ್ರತಿನಿಧಿಗಳು ಎದ್ದು ನಮ್ಮ ಕೆರೆ ಒಡೆದಿದೆ, ನಮಗೆ ಶಾಲೆ ಬೇಕು, ರಸ್ತೆ ಬೇಕು ಎಂದು ಕೇಳಿದ್ದು, ಸರ್ಕಾರ ಉತ್ತರಿಸಿದ್ದು ಅಲ್ಲಿದೆ. ಕರಾವಳಿ ಮತ್ತು ಧಾರವಾಡದ ಕಡೆಯವರಿಗೆ ಬಾಸೆಲ್ ಮಿಷನ್ನಿನ ಹಳೆಯ ಫೋಟೊ ಮತ್ತು ನಕ್ಷೆಗಳು ಆನ್‌ಲೈನ್‌ನಲ್ಲಿ ನೋಡಲು ಸಿಗುತ್ತವೆ. ಊರಿನ ಸರ್ಕಾರಿ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರನ್ನು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನೋಡಿ. ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಯಾವ ಕೇರಿಯ ಮಕ್ಕಳು ಎಷ್ಟು ತಡವಾಗಿ ಬಂದರು ಎಂಬುದು ಯಾವ ಶಾಸನದಲ್ಲೂ ಸಿಗುವುದಿಲ್ಲ.

ಹಂತ 8: ತಾಲ್ಲೂಕು ಕಚೇರಿ ಮತ್ತು ಪತ್ರಾಗಾರ

ಭೂಮಿ ತಂತ್ರಾಂಶದ ಕಂಪ್ಯೂಟರ್ ಪಹಣಿ 2000ದ ಆಸುಪಾಸಿನಿಂದ ಈಚಿನದು. ಅದಕ್ಕೂ ಹಿಂದಕ್ಕೆ ಹೋಗಲು ಕೈಬರಹದ ಪಹಣಿ, ಮ್ಯುಟೇಷನ್, ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಮೂಲ ಟಿಪ್ಪಣಿ (ಮೊದಲ ಅಳತೆಯ ಚಿತ್ರ) ಬೇಕು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗುವಾಗ "ನಮ್ಮ ಊರಿನ ಹಳೆಯ ದಾಖಲೆ ಎಲ್ಲ ಕೊಡಿ" ಎಂದು ಬರೆದರೆ ಅರ್ಜಿ ಹಾಗೇ ಹಿಂದಿರುಗುತ್ತದೆ. ಗ್ರಾಮ, ಸರ್ವೆ ನಂಬರು, ದಾಖಲೆಯ ಹೆಸರು, ವರ್ಷ ನಾಲ್ಕನ್ನೂ ಬರೆಯಿರಿ. ದೃಢೀಕೃತ ನಕಲು ತಡವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವಿದೆ. ನಾನು ಒಂದು ಕಚೇರಿಗೆ ಏಳು ಸಲ ಅಲೆದ ಮೇಲೆ, ಕೇಳಿದ ಪುಸ್ತಕ ಗೆದ್ದಲು ತಿಂದಿದೆ ಎಂಬ ಉತ್ತರ ಬಂತು. ಆ ಉತ್ತರವನ್ನೂ ಲಿಖಿತದಲ್ಲಿ ಪಡೆದಿಟ್ಟುಕೊಂಡಿದ್ದೇನೆ.

ಎರಡು ಕಾಲಘಟ್ಟಗಳನ್ನು ವಿಶೇಷವಾಗಿ ನೋಡಿ. ಒಂದು, 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳ ಸುತ್ತಿನದು. ಯಾವ ಗದ್ದೆ ಯಾವ ದೇವಸ್ಥಾನದ, ಮಠದ, ಮನೆತನದ ಇನಾಮಾಗಿತ್ತು ಎಂಬುದು ಆಗಿನ ಆದೇಶಗಳಲ್ಲಿ ಬರುತ್ತದೆ. ಶಾಸನದ ದತ್ತಿಗೂ ಈ ಇನಾಮಿಗೂ ನಂಟು ಸಿಕ್ಕರೆ ಎಂಟುನೂರು ವರ್ಷಗಳ ಒಂದು ಎಳೆ ಕೈಗೆ ಬಂದಂತೆ. ಇನ್ನೊಂದು, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಭೂಮಿಯ ಹಕ್ಕು ಕೋರಿ ಹಾಕಿದ ನಮೂನೆ 7ರ ಅರ್ಜಿಗಳು ಮತ್ತು ಭೂ ನ್ಯಾಯಮಂಡಳಿಯ ಆದೇಶಗಳು. ಗೇಣಿದಾರರು ಯಾರು, ಎಷ್ಟು ಕಾಲದಿಂದ ಉಳುತ್ತಿದ್ದರು ಎಂಬುದು ಅವರ ಬಾಯಿಂದಲೇ ದಾಖಲಾಗಿದೆ. ಇವು ಇಂದಿಗೂ ಬಿಸಿಯಾಗಿರುವ ವಿಷಯಗಳು. ಬದುಕಿರುವವರ ವ್ಯಾಜ್ಯವನ್ನು ಚರಿತ್ರೆಯ ಹೆಸರಿನಲ್ಲಿ ಅಚ್ಚು ಹಾಕಬೇಡಿ.

ರಾಜ್ಯ ಪತ್ರಾಗಾರಕ್ಕೆ ಹೋಗುವಾಗ ಗುರುತಿನ ಚೀಟಿ, ಸಂಶೋಧನೆಯ ವಿಷಯ ಬರೆದ ಮನವಿ ಪತ್ರ, ಪೆನ್ಸಿಲ್ ಇರಲಿ. ಮೊದಲ ದಿನ ಕಡತ ಕೇಳಬೇಡಿ, ಸೂಚಿಪಟ್ಟಿ ಓದಿ ಇಲಾಖೆ, ವರ್ಷ, ಕ್ರಮಸಂಖ್ಯೆ ಬರೆದುಕೊಂಡು ಬನ್ನಿ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ಸೂಚಿಯನ್ನು 'ಅಭಿಲೇಖ ಪಟಲ' ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಅಲ್ಲಿ ಊರಿನ ಹೆಸರಿಗಿಂತ ತಾಲ್ಲೂಕಿನ ಹಳೆಯ ಇಂಗ್ಲಿಷ್ ಕಾಗುಣಿತಕ್ಕೆ ಫಲ ಹೆಚ್ಚು. ಮುಂಬಯಿ ಭಾಗದ ಕಾಗದ ಮೋಡಿ ಲಿಪಿಯಲ್ಲಿ, ಕರಾವಳಿಯ ಹಳೆಯ ಗರಿಗಳು ತಿಗಳಾರಿಯಲ್ಲಿ ಇರಬಹುದು. ಓದಲು ಬಾರದಿದ್ದರೆ ಊಹಿಸಬೇಡಿ. ಫೋಟೊ ಇಟ್ಟುಕೊಂಡು ಬಲ್ಲವರ ಬಳಿ ಹೋಗಿ.

ಹಂತ 9: ಬರೆಯುವಾಗ

ಕಾರ್ಡುಗಳನ್ನು ಕಾಲಕ್ರಮದಲ್ಲಿ ಜೋಡಿಸಿ. ನಡುವೆ ಮುನ್ನೂರು ವರ್ಷ ಖಾಲಿ ಕಾಣುತ್ತದೆ. ಅದನ್ನು ತುಂಬುವ ಆಸೆಯೇ ಎಲ್ಲ ತಪ್ಪುಗಳ ತಾಯಿ. "ಈ ಅವಧಿಗೆ ನನಗೆ ಆಧಾರ ಸಿಕ್ಕಿಲ್ಲ" ಎಂದು ಒಂದು ಸಾಲು ಬರೆದು ಮುಂದೆ ಹೋಗಿ.

ಶಾಸನದಲ್ಲಿರುವುದು, ಕಡತದಲ್ಲಿರುವುದು, ಊರಿನವರು ಹೇಳುವುದು, ನಿಮ್ಮ ಊಹೆ, ಈ ನಾಲ್ಕೂ ಒಂದೇ ವಾಕ್ಯದಲ್ಲಿ ಬೆರೆಯಬಾರದು. ಹೆಸರಿನ ಕಥೆಯನ್ನು ಬರೆಯುವುದಾದರೆ ಕಥೆ ಎಂದೇ ಬರೆಯಿರಿ. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕಥೆ ಎಲ್ಲರಿಗೂ ಗೊತ್ತು. ಬೇಗೂರಿನ ನಾಗನಾಥೇಶ್ವರ ದೇವಸ್ಥಾನದಲ್ಲಿರುವ ಗಂಗರ ಕಾಲದ ವೀರಗಲ್ಲು ಸುಮಾರು 890ರಲ್ಲೇ ಬೆಂಗಳೂರಿನ ಕಾಳಗವನ್ನು ಹೆಸರಿಸಿದೆ. ಬಲ್ಲಾಳ ಬರುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಆ ಹೆಸರಿತ್ತು. ಕಥೆಯನ್ನು ಬಿಟ್ಟುಬಿಡಬೇಕಿಲ್ಲ, ಇಸವಿಯ ಪಟ್ಟಿಯಲ್ಲಿ ಕೂರಿಸದಿದ್ದರೆ ಸಾಕು.

ಕರಡನ್ನು ಅಚ್ಚಿಗೆ ಕೊಡುವ ಮುಂಚೆ ಊರಿನ ಕಟ್ಟೆಯ ಮೇಲೆ ಓದಿ ಹೇಳಿ. ಹೊಲದ ಹೆಸರು ತಪ್ಪಿದ್ದರೆ ಅಲ್ಲೇ ಕೂಗುತ್ತಾರೆ, ಬಿಟ್ಟುಹೋದ ಬಾವಿ ನೆನಪಾಗುತ್ತದೆ, ಯಾರೋ ಒಬ್ಬರು ಎದ್ದು ಹೋಗಿ ಅಟ್ಟದಿಂದ ಒಂದು ಕಾಗದದ ಗಂಟು ತರುತ್ತಾರೆ. ತಿದ್ದಿದ ಮೇಲೆ ಫೋಟೊಗಳು, ನಕಾಶೆ ಮತ್ತು ಕಾರ್ಡುಗಳ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಆ ಹೊಸ ಗಂಟನ್ನು ಬಿಚ್ಚುವ ಮುಂಚೆ ಮೇಲೆ ಕಟ್ಟಿರುವ ದಾರದ ಫೋಟೊವನ್ನೂ ತೆಗೆದುಕೊಳ್ಳಿ. ಯಾವ ಕಾಗದ ಯಾವುದರ ಜೊತೆಗಿತ್ತು ಎಂಬುದೂ ಒಂದು ದಾಖಲೆ.